ಜೊಳ್ಳು ಹೊಟ್ಟಲ್ಲ

ಕಳೆದ ನವೆಂಬರ್ ಕೊನೆಯಲ್ಲಿ ಅಕ್ಕನ ಊರಿಗೆ ಹೋಗಿದ್ದೆ. ನಮ್ಮೂರು ಕೊಳಗಲ್ಲಿನಿಂದ ಆಕೆಯನ್ನು ಕುರುಗೋಡು ಕಡೆಗೆ ಕೊಟ್ಟಿದ್ದೇವೆ. ತುಂಗಭದ್ರಾ ಕಾಲುವೆಯ ಊರು, ಸುತ್ತ ಎಲ್ಲಿ ನೋಡಿದರೂ ಭತ್ತ. ಕೊಯ್ಲಿನ ಮಷಿನ್ ಬೆಳಿಗ್ಗೆಯೇ ಬರಬೇಕಿತ್ತು. ಪಕ್ಕದ ಊರಿನ ಗದ್ದೆ ಮುಗಿದಿಲ್ಲ ಎನ್ನುತ್ತಾ ಮಧ್ಯಾಹ್ನವಾಯಿತು, ಸಂಜೆಯೂ ಆಯಿತು. ಭಾವ ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾ ಫೋನ್ ಮಾಡುತ್ತಲೇ ಇದ್ದರು. ಅಕ್ಕನ ಮಗಳು ಗದ್ದೆ ಪಕ್ಕದ ಕಟ್ಟೆಯ ಮೇಲೆ ಕೂತು ಹತ್ತನೇ ತರಗತಿಯ ಇಂಗ್ಲಿಷ್ ಗೈಡ್ ಓದುತ್ತಿದ್ದಳು. ನುಡಿಗಟ್ಟುಗಳ ಪುಟ. ‘ಸೆಪರೇಟ್ ದ ವೀಟ್ ಫ್ರಮ್ ದ ಚಾಫ್’ ಎಂಬುದರ ಮುಂದೆ ಗೈಡಿನವರು ‘ಕಾಳು ಜೊಳ್ಳು ಬೇರ್ಪಡಿಸು’ ಎಂದು ಅಚ್ಚು ಹಾಕಿದ್ದರು. ತರಗತಿಯಲ್ಲಿ ಮೇಡಂ ಚಾಫ್ ಎಂದರೆ ಹೊಟ್ಟು ಎಂದು ಬರೆಸಿದ್ದರು.

“ಮಾವಾ, ಚಾಫ್ ಅಂದ್ರೆ ಹೊಟ್ಟಾ, ಜೊಳ್ಳಾ?”

“ಎರಡೂ ಒಂದೇ ಅಲ್ಲೇನವ್ವಾ?” ಎಂದುಬಿಟ್ಟೆ.

“ಹೆಂಗ್ ಒಂದಾಗುತ್ತೆ? ಹೊಟ್ಟು ಕಾಳಿನ ಮೇಲಿಂದು. ಜೊಳ್ಳಿನಾಗೆ ಕಾಳೇ ಇರಲ್ಲ.”

ಭತ್ತದ ಮನೆಯಲ್ಲಿ ಬೆಳೆದ ಹುಡುಗಿ. ಅವಳು ಹೇಳಿದ್ದು ಅಕ್ಷರಶಃ ಸರಿ. ವರ್ಷಗಟ್ಟಲೆ ಈ ಎರಡು ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬರೆಯುತ್ತಾ ಬಂದ ನನಗೆ ಅವು ಬೇರೆಬೇರೆ ಎಂದು ಹೊಳೆದೇ ಇರಲಿಲ್ಲ. ಮಷಿನ್ ಬರುವ ತನಕ ನಾವಿಬ್ಬರೂ ಅದನ್ನೇ ಮಾತಾಡಿದೆವು. ಅಲ್ಲಿಂದ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಇಂಗ್ಲಿಷ್ ನುಡಿಗಟ್ಟಿನ ಅರ್ಥ ಸರಳ. ಒಳ್ಳೆಯದೂ ಕೆಲಸಕ್ಕೆ ಬಾರದ್ದೂ ಕಲಸಿಕೊಂಡು ಬಿದ್ದಿರುವ ರಾಶಿಯಿಂದ ಬೇಕಾದ್ದನ್ನು ಹೆಕ್ಕಿ ತೆಗೆಯುವುದು. ಇನ್ನೂರು ಅರ್ಜಿ ಬಂದಿವೆ, ಮೊದಲ ಸುತ್ತಿನ ಪರೀಕ್ಷೆಯಲ್ಲೇ ಯಾರು ಏನು ಅಂತ ಗೊತ್ತಾಗುತ್ತದೆ ಎನ್ನುವಾಗ ಅದನ್ನು ಬಳಸುತ್ತಾರೆ. ಪುಸ್ತಕ ಬಹುಮಾನದ ತೀರ್ಪುಗಾರರು, ಸುದ್ದಿ ಸಂಪಾದಕರು, ಆಟಗಾರರನ್ನು ಆರಿಸುವವರು ಎಲ್ಲರ ಬಾಯಲ್ಲೂ ಅದು ಇದೆ. ಎರಡು ಒಳ್ಳೆಯ ದಾರಿಗಳಲ್ಲಿ ಒಂದನ್ನು ಆಯ್ದುಕೊಳ್ಳುವಾಗ ಈ ಮಾತು ಹೊಂದುವುದಿಲ್ಲ. ರಾಶಿ ಇರಬೇಕು, ಅದರಲ್ಲಿ ಬೇಡದ್ದು ಬೆರೆತಿರಬೇಕು, ಬೇರ್ಪಡಿಸುವವನಿಗೆ ನೋಟ ಇರಬೇಕು.

ಮಾತಿನ ಮೂಲ ಬೈಬಲ್. ಮತ್ತಾಯನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಕಣ ಹಸನು ಮಾಡುವವನ ಚಿತ್ರ ಬರುತ್ತದೆ: ಗೋಧಿ ಕಣಜಕ್ಕೆ, ಹೊಟ್ಟು ಬೆಂಕಿಗೆ. ಮೊದಲ ಕೀರ್ತನೆಯಲ್ಲಿ ಗಾಳಿ ಒಯ್ಯುವ ಹೊಟ್ಟಿನ ಹೋಲಿಕೆ ಇದೆ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಅನುವಾದದ ಮೂಲಕ ಇವು ಇಂಗ್ಲಿಷರ ದಿನಬಳಕೆಯ ಮಾತಾದವು.

ಕನ್ನಡಕ್ಕೆ ಈ ಚಿತ್ರ ಬಂದ ದಾರಿಯಲ್ಲಿ ನಮ್ಮ ಬಳ್ಳಾರಿಯೇ ಇದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಇಲ್ಲಿಯ ಜನರ ನಡುವೆ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಹೊಸ ಒಡಂಬಡಿಕೆ 1820ರ ದಶಕದಲ್ಲೂ ಪೂರ್ತಿ ಬೈಬಲ್ 1830ರ ದಶಕದ ಆರಂಭದ ಹೊತ್ತಿಗೂ ಅಚ್ಚಾದವು. ಅದೇ ಮಿಷನ್‌ನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಕಿಟೆಲ್ ಅವರ ಮಹಾ ನಿಘಂಟು ಬಂದದ್ದು 1894ರಲ್ಲಿ, ಅದಕ್ಕೂ ಎಷ್ಟೋ ಮೊದಲಿನ ಕೆಲಸ ಇದು. ಯೂದಾಯ ನಾಡಿನ ಕಣದ ಮಾತನ್ನು ಕನ್ನಡಕ್ಕೆ ತರಲು ಕೂತವರಿಗೆ ಕಿಟಕಿಯಾಚೆ ಜೋಳದ ಕಣಗಳೇ ಕಾಣುತ್ತಿದ್ದಿರಬೇಕು. ಇಂದಿನ ಕನ್ನಡ ಬೈಬಲಿನ ಆ ವಾಕ್ಯದಲ್ಲೂ ಮೊರ ಇದೆ, ಕಣ ಇದೆ, ಹೊಟ್ಟು ಇದೆ. ಜೊಳ್ಳು ಇಲ್ಲ. ಮೇಡಂ ಬರೆಸಿದ್ದು ಮೂಲಕ್ಕೆ ತಪ್ಪಿರಲಿಲ್ಲ.

ಹಾಗಾದರೆ ಗೈಡಿನ ‘ಜೊಳ್ಳು’ ಎಲ್ಲಿಂದ ಬಂತು? ನಮ್ಮ ಅನ್ನದ ತಟ್ಟೆಯಿಂದ.

ಗೋಧಿ ತೆನೆಯನ್ನು ಒಕ್ಕಿದರೆ ಕಾಳು ಸಿಪ್ಪೆ ಬಿಟ್ಟು ಬತ್ತಲೆಯಾಗಿ ಉದುರುತ್ತದೆ. ಸಿಪ್ಪೆ ಬೇರೆ ಬಣ್ಣ, ಬೇರೆ ಆಕಾರ, ಬೇರೆ ತೂಕ. ಕಣ್ಣು ಮುಚ್ಚಿಕೊಂಡು ಕೈಯಾಡಿಸಿದರೂ ಇದು ಕಾಳು, ಇದು ಹೊಟ್ಟು ಎನ್ನಬಹುದು. ತೂರಿದರೆ ಗಾಳಿಯೇ ಅರ್ಧ ಕೆಲಸ ಮುಗಿಸುತ್ತದೆ. ಭತ್ತದ ರೀತಿ ಬೇರೆ. ಒಕ್ಕಿದ ಮೇಲೂ ಅಕ್ಕಿ ತನ್ನ ಹೊಟ್ಟನ್ನು ಬಿಡುವುದಿಲ್ಲ. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಆ ಹೊಟ್ಟೇ, ಅದು ಕಳಚುವುದು ಗಿರಣಿಯಲ್ಲಿ. ಹಾಗಾಗಿ ಒಳಗೆ ಅಕ್ಕಿ ತುಂಬಿದ ಭತ್ತವೂ ಒಳಗೆ ಏನೂ ಇಲ್ಲದ ಭತ್ತವೂ ಹೊರಗಿನಿಂದ ಒಂದೇ. ಅದೇ ಹೊಂಬಣ್ಣ, ಅದೇ ಉದ್ದ, ಅದೇ ಚೂಪು ತುದಿ. ಎರಡು ಬೆರಳ ನಡುವೆ ಒತ್ತಿದಾಗ ಒಂದು ಗಟ್ಟಿಯಾಗಿ ತಡೆಯುತ್ತದೆ, ಇನ್ನೊಂದು ಚಪ್ಪಟೆಯಾಗಿ ಮುದುಡುತ್ತದೆ. ಮುದುಡಿದ್ದೇ ಜೊಳ್ಳು.

ಅನ್ನ ಉಣ್ಣುವ ನಾಡಿಗೆಲ್ಲ ಈ ವ್ಯತ್ಯಾಸ ಗೊತ್ತು. ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಕೇಳಿಬರುವ ತೆಲುಗಿನಲ್ಲಿ ಸಿಪ್ಪೆಗೆ ಪೊಟ್ಟು ಎನ್ನುತ್ತಾರೆ. ಅದು ನಮ್ಮ ಹೊಟ್ಟಿನ ಒಡಹುಟ್ಟು, ನಮ್ಮಲ್ಲಿ ಪಕಾರ ಹಕಾರವಾಗಿದೆ ಅಷ್ಟೆ. ಬರಿದಾದ ಕಾಳಿಗೆ ಅವರ ಪದ ತಾಲು. ತಮಿಳರು ಸಿಪ್ಪೆಗೆ ಉಮಿ, ಬರಿಗಾಳಿಗೆ ಪದರ್ ಎನ್ನುತ್ತಾರೆ. ಮೂರು ಭಾಷೆಯ ಒಕ್ಕಲಿಗರೂ ಎರಡಕ್ಕೆ ಎರಡು ಹೆಸರಿಟ್ಟಿದ್ದಾರೆಂದರೆ ಬದುಕಿನಲ್ಲಿ ಆ ಎರಡನ್ನು ಬೇರೆಯಾಗಿ ನೋಡಲೇಬೇಕಾದ ಅಗತ್ಯ ಅವರಿಗಿತ್ತು. ಹೊಟ್ಟು ಕಾಳಿಗೆ ರಕ್ಷಣೆ. ಅದಿಲ್ಲದೆ ಕಾಳು ಬಲಿಯುವುದಿಲ್ಲ, ಮನೆಯಲ್ಲಿ ಬಾಳುವುದೂ ಇಲ್ಲ. ಕಾಳು ಬಂದ ಮೇಲೆ ಅದರ ಕೆಲಸ ಮುಗಿಯಿತು, ಅಷ್ಟರ ಮಟ್ಟಿಗೆ ಅದು ನಿರುಪಯೋಗಿ. ಜೊಳ್ಳು ಕಾಳಿನ ವೇಷದಲ್ಲೇ ಚೀಲಕ್ಕೆ ಇಳಿಯುತ್ತದೆ, ಅಳತೆಗೆ ಬರುತ್ತದೆ, ಗಿರಣಿಯ ತನಕ ಹೋಗಿ ಮೋಸ ಮಾಡುತ್ತದೆ.

ಇಂಗ್ಲಿಷಿನ ಮಾತನ್ನು ‘ಕಾಳು-ಜೊಳ್ಳು’ ಎಂದು ಕನ್ನಡಿಸಿದವರು, ತಿಳಿದೋ ತಿಳಿಯದೆಯೋ, ಅದನ್ನು ಹೆಚ್ಚು ಕಷ್ಟದ ಮಾತನ್ನಾಗಿ ಮಾಡಿದ್ದಾರೆ. ಅಲ್ಲಿಯದು ಒಳಗಿನದನ್ನೂ ಹೊರಗಿನದನ್ನೂ ಬಿಡಿಸುವ ಕೆಲಸ. ನಮ್ಮದು ತುಂಬಿದ್ದನ್ನೂ ತುಂಬಿದಂತೆ ಕಾಣುವುದನ್ನೂ ಬಿಡಿಸುವ ಕೆಲಸ. ನನ್ನ ಮಟ್ಟಿಗೆ ಒಳ್ಳೆಯ ತೀರ್ಮಾನ ಎಂಬುದರ ಕಷ್ಟವೆಲ್ಲ ಈ ಎರಡನೆಯದರಲ್ಲೇ ಇದೆ. ಕೆಟ್ಟದ್ದು ಕೆಟ್ಟದ್ದರಂತೆಯೇ ಕಂಡರೆ ಯಾರಿಗೂ ವಿವೇಕ ಬೇಕಾಗುತ್ತಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಬೈಬಲಿನಲ್ಲೂ ಈ ಅರಿವು ಇದೆ, ಬೇರೆ ಕಥೆಯಲ್ಲಿ. ಗೋಧಿಯ ನಡುವೆ ಹುಟ್ಟುವ, ತೆನೆ ಬಿಡುವ ತನಕ ಗೋಧಿಯಂತೆಯೇ ಕಾಣುವ ಒಂದು ಕಳೆಯ ಸಾಮತಿ ಮತ್ತಾಯನ ಹದಿಮೂರನೇ ಅಧ್ಯಾಯದಲ್ಲಿ ಬರುತ್ತದೆ. ಈಗಲೇ ಕೀಳಬೇಡಿ, ಗೋಧಿಯೂ ಕಿತ್ತು ಬಂದೀತು, ಸುಗ್ಗಿ ತನಕ ತಡೆಯಿರಿ ಎನ್ನುತ್ತಾನೆ ಅಲ್ಲಿಯ ಯಜಮಾನ. ಜೊಳ್ಳಿಗೆ ಹತ್ತಿರದ ಮಾತು ಅದು.

ಜೊಳ್ಳು ಏಕೆ ಆಗುತ್ತದೆ ಎಂಬುದನ್ನು ಸಿರುಗುಪ್ಪ, ಕುರುಗೋಡು ಕಡೆಯ ರೈತರು ಬೆರಳು ಮಡಚಿ ಹೇಳಬಲ್ಲರು. ಭತ್ತದ ಹೂ ಅರಳುವುದು ಹಗಲಿನಲ್ಲಿ, ಅದೂ ಸ್ವಲ್ಪವೇ ಹೊತ್ತು. ಆ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದ್ದರೆ ಪರಾಗಸ್ಪರ್ಶ ಕೆಟ್ಟು ಕಾಳು ಬರಿದಾಗುತ್ತದೆ. ಬೇಸಿಗೆ ಬೆಳೆಯಲ್ಲಿ ನಮ್ಮ ಸೀಮೆಗೆ ಇದು ಸದಾ ಇರುವ ಭಯ. ಹೂವಿನ ಕಾಲಕ್ಕೆ ಕಾಲುವೆ ನೀರು ತಪ್ಪಿದರೂ ಅಷ್ಟೆ. ಮುಂದೆ ಕಾಳಿನೊಳಗೆ ಹಾಲು ತುಂಬುವ ದಿನಗಳಲ್ಲಿ ತೆನೆ ತಿಗಣೆ ಬಂದು ಆ ಹಾಲನ್ನೇ ಹೀರಿಬಿಡುತ್ತದೆ. ಬೆಂಕಿ ರೋಗ ತೆನೆಯ ಕುತ್ತಿಗೆಗೆ ಹತ್ತಿದರೆ ಮೇಲಕ್ಕೆ ರಸ ಏರುವುದಿಲ್ಲ. ಕಾಂಡ ಕೊರಕ ಒಳಗೆ ಸೇರಿದರೆ ಇಡೀ ತೆನೆ ಬೆಳ್ಳಗಾಗಿ ನೆಟ್ಟಗೆ ನಿಲ್ಲುತ್ತದೆ. ದೂರದಿಂದ ನೋಡಿದವರಿಗೆ ಅದು ಬೇಗ ಮಾಗಿದ ತೆನೆಯಂತೆ ಕಾಣಬಹುದು. ಭಾವ ಅಂಥದ್ದೊಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ತೋರಿಸಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಬುಡ ಬಿಟ್ಟು ಬಂತು. ಬುಡದ ತುದಿಯಲ್ಲಿ ಹುಳ ಕಡಿದ ಗುರುತು.

ಕೊಳಗಲ್ಲಿನ ನಮ್ಮ ಮನೆಯದು ಎರೆ ಹೊಲ, ಜೋಳದ ಮನೆ. ನಾನು ಚಿಕ್ಕವನಿದ್ದಾಗಿನ ಕಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ಕಂಬ, ಅದರ ಸುತ್ತ ಎತ್ತು ಕಟ್ಟಿ ಹಂತಿ ಹೊಡೆಯುವುದು, ಹಂತಿಯ ಹಾಡು. ತುಳಿದ ತೆನೆಯೆಲ್ಲ ಒಂದು ಗುಡ್ಡೆಯಾದ ಮೇಲೆ ತಾತ ಕಾಯುತ್ತಿದ್ದುದು ಗಾಳಿಗೆ. ಒಮ್ಮೊಮ್ಮೆ ಎರಡು ದಿನ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಚಿಟಿಕೆ ಹೊಟ್ಟನ್ನು ತಲೆಯೆತ್ತರದಿಂದ ಬಿಟ್ಟು ಅದು ಎತ್ತ ಹೋಗುತ್ತದೆ, ಎಷ್ಟು ದೂರ ಹೋಗುತ್ತದೆ ನೋಡುತ್ತಿದ್ದರು. ಗಾಳಿ ಸರಿಯಾಗಿದೆ ಎನಿಸಿದಾಗ ಎತ್ತರದ ಮುಕ್ಕಾಲಿಯ ಮೇಲೆ ನಿಂತು ಪುಟ್ಟಿಯನ್ನು ತಲೆಗಿಂತ ಮೇಲೆ ಹಿಡಿದು ಅಲುಗಿಸುತ್ತಾ ಸುರಿಯುವುದು.

ಕೆಳಗೆ ಬೀಳುತ್ತಿದ್ದುದು ಎರಡು ಭಾಗವಾಗಿ ಅಲ್ಲ, ಮೂರು ಭಾಗವಾಗಿ. ಗಟ್ಟಿ ಕಾಳು ಕಾಲ ಬುಡದಲ್ಲೇ. ಹೊಟ್ಟು ಹಾರಿ ಕಣದ ಅಂಚಿಗೆ. ನಡುವೆ ಒಂದು ಸಾಲು: ಅರೆಬರೆ ತುಂಬಿದ ಕಾಳು, ಸಿಪ್ಪೆ ಬಿಡದ ಕಾಳು, ಕಾಳು ಕಚ್ಚಿಕೊಂಡ ತೆನೆಯ ತುಣುಕು. ಅಜ್ಜಿ ಕಸಬರಿಗೆ ಹಿಡಿದು ಆ ನಡುವಿನ ಸಾಲನ್ನು ರಾಶಿಗೂ ಸೇರಿಸದೆ ಹೊಟ್ಟಿಗೂ ಸೇರಿಸದೆ ಬೇರೆ ಗುಡ್ಡೆ ಮಾಡುತ್ತಿದ್ದಳು. ಅದನ್ನು ಮತ್ತೆ ಬಡಿದು ಮತ್ತೆ ತೂರುತ್ತಿದ್ದರು. ಸಂಜೆ ಕತ್ತಲಾಗುತ್ತಾ ಬಂದಿದ್ದರೂ, ಮೈಯೆಲ್ಲ ಸುಂಕು ಚುಚ್ಚುತ್ತಿದ್ದರೂ, ಆ ಎರಡನೆಯ ತೂರು ತಪ್ಪಿದ್ದನ್ನು ನಾನು ನೋಡಿಲ್ಲ. ತೀರ್ಪು ಕೊಡುವ ಜಾಗದಲ್ಲಿ ಕೂತ ಎಲ್ಲರಿಗೂ, ಪರೀಕ್ಷೆ ಪತ್ರಿಕೆ ತಿದ್ದುವವರಿಗೂ ಸಂದರ್ಶನ ನಡೆಸುವವರಿಗೂ, ಆ ನಡುವಿನ ಸಾಲನ್ನು ತೋರಿಸಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಗೆ ಈಚೆಗೆ ಕೆಟ್ಟ ಹೆಸರು ಬಂದಿದೆ. ಅವಕಾಶ ಸಿಕ್ಕಾಗ ಬಾಚಿಕೊಳ್ಳುವವರ ಮಾತು ಎಂದು ಅರ್ಥ ಮಾಡುತ್ತಾರೆ. ಕಣದಲ್ಲಿ ನಿಂತವರಿಗೆ ಅದರ ಅರ್ಥ ಹಾಗಿರಲಿಲ್ಲ. ಗಾಳಿ ಇಲ್ಲದಾಗ ತೂರಿದರೆ ಎಲ್ಲವೂ ಬಿದ್ದಲ್ಲೇ ಬೀಳುತ್ತದೆ. ಗಾಳಿ ಜೋರಾದಾಗ ತೂರಿದರೆ ಹೊಟ್ಟಿನ ಜೊತೆ ಕಾಳೂ ಹೋಗುತ್ತದೆ. ತಾತ ಜೋರು ಗಾಳಿ ಎದ್ದೊಡನೆ ಪುಟ್ಟಿ ಇಳಿಸಿಬಿಡುತ್ತಿದ್ದರು. ಸಿಟ್ಟಿನ ಹೊತ್ತಿನಲ್ಲಿ, ಗದ್ದಲದ ಹೊತ್ತಿನಲ್ಲಿ ಒಬ್ಬರ ಬಗ್ಗೆ ತೀರ್ಮಾನ ಹೇಳಿ ಆಮೇಲೆ ಪಶ್ಚಾತ್ತಾಪ ಪಟ್ಟಾಗಲೆಲ್ಲ ನನಗೆ ಆ ಇಳಿಸಿದ ಪುಟ್ಟಿ ನೆನಪಾಗುತ್ತದೆ.

ತೂರಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಗಾಳಿಗೆ ಹಗುರ-ಭಾರ ಮಾತ್ರ ಗೊತ್ತು. ಹರಳು, ಮಣ್ಣಿನ ಹೆಂಟೆ ಕಾಳಿನಷ್ಟೇ ಭಾರ, ಅವು ಕಾಳಿನ ಜೊತೆಯೇ ಬುಡದಲ್ಲಿ ಬೀಳುತ್ತವೆ. ಅದಕ್ಕೆ ಜರಡಿ ಬೇಕು. ಜರಡಿಗೆ ದಪ್ಪ-ಸಣ್ಣ ಮಾತ್ರ ಗೊತ್ತು. ಕಾಳಿನಷ್ಟೇ ದಪ್ಪದ ಹರಳಿಗೆ ಮೊರ ಬೇಕು, ಕೇರುವ ಕೈ ಬೇಕು. ಅದಕ್ಕೂ ತಪ್ಪಿದ್ದನ್ನು ಕೂತು ಆರಿಸಬೇಕು. ಆಮೇಲೂ ಒಲೆಗಿಡುವ ಮುನ್ನ ನೀರಿನಲ್ಲಿ ಜಾಲಿಸಬೇಕು. ತೂರು, ಜರಡಿ ಹಿಡಿ, ಕೇರು, ಆರಿಸು, ಜಾಲಿಸು: ಒಂದೊಂದು ದೋಷಕ್ಕೆ ಒಂದೊಂದು ಕ್ರಿಯಾಪದ. ಒಟ್ಟು ಕೆಲಸಕ್ಕೆ ‘ಹಸನು ಮಾಡುವುದು’ ಎಂಬ ಚೆಂದದ ಹೆಸರು. ಕಣದ ಇಂಥ ಮಾತುಗಳು ಇಂದು ಪತ್ರಿಕೆಗಳಿಗೆ ದಾಟಿವೆ. ಅಧಿಕಾರಿಯನ್ನು ಜಾಲಾಡುತ್ತಾರೆ, ಭರವಸೆ ಪೊಳ್ಳಾಗುತ್ತದೆ. ತೂರು ಎಂಬ ಕ್ರಿಯಾಪದ ಮಾತ್ರ ಪುಟಗಳಲ್ಲಿ ಕಾಣುವುದು ಬಹುಪಾಲು ‘ಕಲ್ಲು ತೂರಾಟ’ದಲ್ಲಿ. ಅದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಾಳನ್ನು ಕಾಪಾಡುತ್ತಿದ್ದ ಪದ ಅದು.

ವಿವೇಕ ಎಂಬ ಪದವನ್ನೇ ಬಿಡಿಸಿದರೆ ಅದರೊಳಗೂ ಕಣ ಇದೆ. ‘ವಿಚ್’ ಎಂಬ ಸಂಸ್ಕೃತ ಧಾತುವಿಗೆ ಬೇರ್ಪಡಿಸು, ಅದರಲ್ಲೂ ಧಾನ್ಯವನ್ನು ತೂರಿ ಹೊಟ್ಟಿನಿಂದ ಬೇರೆ ಮಾಡು ಎಂಬ ಅರ್ಥ ವೈದಿಕ ಭಾಷೆಯಲ್ಲೇ ಇದೆ. ಅದಕ್ಕೆ ‘ವಿ’ ಸೇರಿ ವಿವೇಕ. ಋಗ್ವೇದದ ಹತ್ತನೇ ಮಂಡಲದ 71ನೇ ಸೂಕ್ತದಲ್ಲಿ ಜ್ಞಾನಿಗಳು ಮಾತನ್ನು ಶುದ್ಧಗೊಳಿಸುವುದನ್ನು ಜರಡಿಯಲ್ಲಿ ಹಿಟ್ಟು ಸೋಸುವುದಕ್ಕೆ ಹೋಲಿಸಲಾಗಿದೆ. ಅತ್ತ ಇಂಗ್ಲಿಷಿನ ‘ಡಿಸರ್ನ್’ ಎಂಬುದರ ಬೇರು ಲ್ಯಾಟಿನ್ನಿನ ಜರಡಿ ಹಿಡಿಯುವ ಕ್ರಿಯಾಪದದಲ್ಲಿದೆ. ವಿಮರ್ಶಕನಿಗೆ ಹೇಳುವ ‘ಕ್ರಿಟಿಕ್’ ಗ್ರೀಕರ ಬೇರ್ಪಡಿಸುವ ಕ್ರಿಯಾಪದದಿಂದ ಬಂದದ್ದು. ದೂರ ದೂರದ ಜನ ಯೋಚನೆಗೆ ಹೆಸರು ಹುಡುಕಿದಾಗ ಎಲ್ಲರ ಕೈಗೂ ಸಿಕ್ಕಿದ್ದು ಮೊರ ಮತ್ತು ಜರಡಿ.

ಬೀಜದ ಭತ್ತಕ್ಕೆ ಗಾಳಿ, ಮೊರ ಯಾವುದೂ ಸಾಲದು. ಇನ್ನೂ ನಿಷ್ಠುರವಾದ ಪರೀಕ್ಷೆ ಇದೆ: ಉಪ್ಪು ನೀರು. ಬಕೆಟ್ ನೀರಿಗೆ ಉಪ್ಪು ಕರಗಿಸುತ್ತಾ ಹೋಗಬೇಕು. ಉಪ್ಪು ಸಾಕೇ ಎಂದು ತಿಳಿಯಲು ಅದರಲ್ಲಿ ಒಂದು ಹಸಿ ಕೋಳಿಮೊಟ್ಟೆ ಬಿಡಬೇಕು. ಮೊದಲು ತಳದಲ್ಲಿ ಮಲಗಿದ ಮೊಟ್ಟೆ ಉಪ್ಪು ಹೆಚ್ಚಿದಂತೆ ಎದ್ದು, ನೆತ್ತಿಯಷ್ಟನ್ನೇ ಮೇಲೆ ತೋರಿಸಿ ತೇಲುತ್ತದೆ. ಆಗ ಮೊಟ್ಟೆ ತೆಗೆದು ಬೀಜ ಸುರಿದು ಕೈಯಾಡಿಸಬೇಕು. ಬರಿ ನೀರಿನಲ್ಲಿ ಮುಳುಗಿ ಗಟ್ಟಿಗನಂತೆ ಕಂಡಿದ್ದ ಅರೆಗಾಳೂ ಇಲ್ಲಿ ಮೇಲೆ ಬರುತ್ತದೆ. ತೇಲಿದ್ದನ್ನೆಲ್ಲ ತೆಗೆದು, ಮುಳುಗಿದ್ದನ್ನು ಉಪ್ಪು ಹೋಗುವಂತೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಸಸಿ ಮಡಿಗೆ ಹಾಕಬೇಕು. ತೊಳೆಯುವುದನ್ನು ಮರೆತರೆ ಮೊಳಕೆಗೇ ಪೆಟ್ಟು.

ಕೇಳಿದ್ದನ್ನೆಲ್ಲ ನಂಬಬೇಡ ಎನ್ನಲು ಇಂಗ್ಲಿಷರು ‘ಚಿಟಿಕೆ ಉಪ್ಪಿನ ಜೊತೆ ತಗೋ’ ಎನ್ನುತ್ತಾರೆ. ಅದರ ಹಿಂದೆ ಕ್ರಿ.ಶ. ಒಂದನೇ ಶತಮಾನದ ರೋಮಿನ ಪ್ಲಿನಿ ಬರೆದಿಟ್ಟ ಒಂದು ವಿಷನಿವಾರಕ ಮದ್ದಿನ ವಿವರ ಇದೆ. ಅದರ ಕೊನೆಯಲ್ಲಿ ಒಂದು ಹರಳು ಉಪ್ಪು ಸೇರಿಸಬೇಕು ಎಂದಿತ್ತು. ಕನ್ನಡದಲ್ಲಿ ಹಾಗೆ ಹೇಳಿದರೆ ರುಚಿಗೆ ಉಪ್ಪು ಹಾಕಿಕೊಳ್ಳಲು ಹೇಳಿದಂತಾಗುತ್ತದೆ. ಆದರೆ ಸಿರುಗುಪ್ಪದ ರೈತನಿಗೆ ‘ಉಪ್ಪು ನೀರಿಗೆ ಹಾಕಿ ನೋಡು’ ಎಂದರೆ ತಟ್ಟನೆ ಅರ್ಥವಾಗುತ್ತದೆ. ಫೋನಿಗೆ ಬಂದು ಬೀಳುವ ಸಂದೇಶಗಳ ಬಗ್ಗೆ ಅಕ್ಕನ ಮನೆಯಲ್ಲಿ ಮಾತು ಬಂದಾಗ ನಾನು ಹಾಗೇ ಹೇಳಿದೆ. ಯಾರು ಹೇಳಿದ್ದು, ಯಾವಾಗಿನದು, ಬೇರೆ ಎಲ್ಲಾದರೂ ಬಂದಿದೆಯಾ, ಹೇಳಿದವರಿಗೆ ಇದರಿಂದ ಏನು ಲಾಭ? ಬರಿ ನೀರಿನಲ್ಲಿ ಮುಳುಗುವ ಎಷ್ಟೋ ಸುದ್ದಿ ಈ ನಾಲ್ಕು ಚಿಟಿಕೆಗೆ ಮೇಲೆ ಬರುತ್ತವೆ.

ಉಪ್ಪು ನೀರಿಗೂ ಸಿಗದ ಜೊಳ್ಳು ಇದೆ ಎಂದು ನಮ್ಮ ಮನೆಗೆ ಒಂದು ವರ್ಷ ಗೊತ್ತಾಯಿತು. ಪೇಟೆಯ ಒಂದು ಅಂಗಡಿಯಿಂದ ಅಪ್ಪ ಮೆಣಸಿನ ಬೀಜ ತಂದರು. ಪೊಟ್ಟಣದ ಮೇಲೆ ಕೆಂಪಗೆ ಹೊಳೆಯುವ ಕಾಯಿಗಳ ಚಿತ್ರ. ಬೀಜ ಗಟ್ಟಿಯಾಗಿಯೇ ಇತ್ತು, ಚೆನ್ನಾಗಿ ಮೊಳೆಯಿತು, ಗಿಡ ಸೊಂಟದೆತ್ತರ ಬಂತು. ಹೂ ಬಿಟ್ಟಿತು, ಉದುರಿತು. ಕಾಯಿ ಕಚ್ಚಿದ್ದು ಬೆರಳೆಣಿಕೆಯಷ್ಟು. ಅಪ್ಪ ಪೊಟ್ಟಣ ಎಸೆದಿದ್ದರು, ಬಿಲ್ ಕೇಳಿರಲೇ ಇಲ್ಲ. ಅಂಗಡಿಯವರು ಹವಾಮಾನದ ಕಡೆ ಕೈ ತೋರಿಸಿದರು. ಆ ವರ್ಷದ ಸಾಲ ತೀರಲು ನಾಲ್ಕು ವರ್ಷ ಬೇಕಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಪೊಟ್ಟಣ, ಬಿಲ್, ಲಾಟ್ ನಂಬರ್ ಮೂರನ್ನೂ ದೇವರ ಪಟದ ಹಿಂದೆ ಇಡುತ್ತೇವೆ. ಬಿತ್ತುವ ಮುನ್ನ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆತವು ನೋಡುತ್ತೇವೆ. ಕಾನೂನಿನ ಪ್ರಕಾರ ಭತ್ತದಲ್ಲಿ 80, ಮೆಣಸಿನಲ್ಲಿ 60 ಮೊಳೆಯಬೇಕು. ಕಾಯಿ ಕಟ್ಟದ ಬೀಜವನ್ನು ಆ ಬಟ್ಟೆಯೂ ಹಿಡಿಯಲಾರದು ನಿಜ. ಅಂಥದ್ದಕ್ಕೆ ಗ್ರಾಹಕ ನ್ಯಾಯಾಲಯ ಇದೆ. 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಆಂಧ್ರದ ರೈತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀಜ ಕೊಂಡ ರೈತನೂ ಗ್ರಾಹಕನೇ ಎಂದಿತು. ಪರೀಕ್ಷೆಗೆಂದು ಬೀಜ ಉಳಿಸಿಡಲಿಲ್ಲ ಎಂಬ ಕಾರಣಕ್ಕೆ ಅವನ ದೂರನ್ನು ತಳ್ಳಿಹಾಕಲಾಗದು, ತಂದದ್ದನ್ನೆಲ್ಲ ಬಿತ್ತುವುದೇ ರೈತನ ಸಹಜ ನಡೆ ಎಂದೂ ಹೇಳಿತು. ಈ ತೀರ್ಪಿನ ವಿಷಯ ನಮ್ಮ ಊರುಗಳ ಕಟ್ಟೆಗಳಲ್ಲಿ ಇನ್ನೂ ಹೆಚ್ಚು ಮಾತಾಗಬೇಕು.

ಮಾರುವ ಕಡೆಯೂ ಜೊಳ್ಳಿನ ಲೆಕ್ಕ ಕಾಯುತ್ತಿರುತ್ತದೆ. ಬೆಂಬಲ ಬೆಲೆಗೆ ಭತ್ತ ಕೊಳ್ಳುವಾಗ ತೇವ ಶೇ 17 ಮೀರಬಾರದು, ಬಲಿಯದ, ಮುದುಡಿದ ಕಾಳು ಶೇ 3 ಮೀರಬಾರದು. ವ್ಯಾಪಾರಿ ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ಎಳೆಯುತ್ತಾನೆ. ಅಂಗೈಯಲ್ಲಿ ಉಜ್ಜುತ್ತಾನೆ, ಊದುತ್ತಾನೆ, ಒಂದು ಕಾಳನ್ನು ಹಲ್ಲಲ್ಲಿ ಕಚ್ಚುತ್ತಾನೆ. ‘ಟಕ್’ ಎಂದರೆ ಒಣಗಿದೆ. ಅರ್ಧ ನಿಮಿಷದ ಕೆಲಸ, ಒಂದು ವರ್ಷದ ದುಡಿಮೆಗೆ ಬೆಲೆ. ಅವನ ಕೈಯನ್ನೇ ನೋಡುತ್ತಾ ನಿಂತ ರೈತನ ಮುಖ ನೋಡಿದವರಿಗೆ ಕಾಳು-ಜೊಳ್ಳು ಎಂಬುದು ಬರಿ ಅಲಂಕಾರದ ಮಾತಾಗಿ ಉಳಿಯುವುದಿಲ್ಲ.

ಅಳೆಯುವುದು ನಮ್ಮ ಸೀಮೆಯ ಹೆಸರಿನಲ್ಲೇ ಕೇಳಿಸುತ್ತದೆ. ಲಿಂಗಪೂಜೆ ಇಲ್ಲದೆ ಉಣ್ಣದ ವ್ಯಾಪಾರಿಗಳು ಇಲ್ಲಿ ತಂಗಿದಾಗ ಶಿವಲಿಂಗ ಸಿಗದೆ, ಧಾನ್ಯ ಅಳೆಯುವ ಬಳ್ಳವನ್ನೇ ಮಗುಚಿಟ್ಟು ಪೂಜಿಸಿದರು, ಅದೇ ಬಳ್ಳೇಶ್ವರನಾಗಿ ಊರು ಬಳ್ಳಾರಿಯಾಯಿತು ಎಂದು ಐತಿಹ್ಯ. ಕೊಳಗಲ್ಲು ಎಂದಾಗಲೂ ನನ್ನ ಕಿವಿಗೆ ಮೊದಲು ಬೀಳುವುದು ಕೊಳಗ. ಕಣದಲ್ಲಿ ರಾಶಿ ಅಳೆಯುವಾಗ ತಾತ ಮೊದಲ ಅಳತೆಗೆ ಒಂದು ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು.

ಊರಿನಲ್ಲಿ ಇನ್ನೊಂದು ಬಗೆಯ ಕಾಳೂ ಇದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ತೀರಿಕೊಂಡು ಖೊಟ್ಟಿಗ ಆಳುತ್ತಿದ್ದ ಎಂದು ತಿಳಿಸುವ ಶಾಸನ ಕೊಳಗಲ್ಲಿನದು. ಅದರ ಕಾಲ ಕ್ರಿ.ಶ. 967ರ ಫೆಬ್ರುವರಿ. ರಾಜರ ಕಾಲವನ್ನು ಕಟ್ಟುವಾಗ ಇತಿಹಾಸಕಾರರ ಮುಂದೆ ಹೊಗಳಿಕೆಯ ಮಾತು, ಕಾವ್ಯದ ಉತ್ಪ್ರೇಕ್ಷೆ, ಕೇಳಿದ ಕಥೆ ಎಲ್ಲ ಗುಡ್ಡೆಯಾಗಿ ಬಿದ್ದಿರುತ್ತವೆ. ಅವುಗಳ ನಡುವೆ ತಿಥಿ ವಾರಗಳ ಸಮೇತ ನಿಂತ ಇಂಥ ಒಂದು ಕಲ್ಲು ಎಷ್ಟು ಗಾಳಿಗೂ ಹಾರದು.

ಇನ್ನೂ ಹಿಂದಕ್ಕೆ ಹೋದರೆ, ಬಳ್ಳಾರಿಗೆ ಅಂಟಿಕೊಂಡೇ ಇರುವ ಸಂಗನಕಲ್ಲಿನ ಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ನವಶಿಲಾಯುಗದ ಜನ ಬಾಳಿದ್ದರು. ಅವರು ಏನು ಬೆಳೆದು ತಿನ್ನುತ್ತಿದ್ದರು ಎಂದು ಕಂಡುಹಿಡಿದದ್ದು ನೀರಿನ ಬಕೆಟ್. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಮಣ್ಣು ಕಲ್ಲು ತಳಕ್ಕೆ ಹೋಗುತ್ತವೆ, ಎಂದೋ ಒಲೆಯಲ್ಲಿ ಸುಟ್ಟು ಕರಿಯಾಗಿ ಉಳಿದ ಕಾಳುಗಳು ಮೇಲೆ ತೇಲುತ್ತವೆ. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತವರ ಜೊತೆಗಾರರು ಹಾಗೆ ತೇಲಿದ್ದನ್ನು ಸೋಸಿ ಹುರುಳಿ, ಹೆಸರು, ಕೊರಲೆಯಂಥ ಕಾಳುಗಳನ್ನು ಗುರುತಿಸಿದರು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹೋದರೆ ಆ ಜನರ ಬದುಕು ಕಣ್ಣೆದುರು ಬರುತ್ತದೆ. ಬೀಜದ ಬಕೆಟಿನಲ್ಲಿ ತೇಲಿದ್ದು ತಿಪ್ಪೆಗೆ, ಸಂಗನಕಲ್ಲಿನ ಬಕೆಟಿನಲ್ಲಿ ತೇಲಿದ್ದೇ ನಿಧಿ. ಇದನ್ನು ಹೇಳಿದಾಗ ಅಕ್ಕನ ಮಗಳು ಗೈಡ್ ಮಡಚಿಟ್ಟು, “ಹಂಗಾದ್ರೆ ಏನು ಹುಡುಕ್ತಾ ಇದೀವಿ ಅಂತ ಮೊದಲೇ ಗೊತ್ತಿರಬೇಕು” ಎಂದಳು.

ಮಷಿನ್ ಬಂದಾಗ ರಾತ್ರಿ ಎಂಟೂವರೆ. ಮುಂದೆ ಎರಡು ದೊಡ್ಡ ದೀಪ, ಸುತ್ತ ಹುಳಗಳ ಮೋಡ. ಒಂದೇ ಸಲಕ್ಕೆ ಕೊಯ್ಯುತ್ತದೆ, ಒಕ್ಕುತ್ತದೆ, ತೂರುತ್ತದೆ. ಒಳಗೆ ಫ್ಯಾನು, ಜರಡಿ ಎಲ್ಲ ಇವೆ. ಹಿಂದಿನಿಂದ ಹುಲ್ಲು, ಜೊಳ್ಳು, ದೂಳು ಬುಸ್ಸೆಂದು ಹಾರುತ್ತಾ ಬೀಳುತ್ತವೆ. ತೊಟ್ಟಿಯಲ್ಲಿ ಭತ್ತ ತುಂಬುವುದನ್ನು ನೋಡಲು ಎಲ್ಲರೂ ಮುಂದೆ ನಿಂತಿದ್ದರು. ಭಾವ ಮಾತ್ರ ಟಾರ್ಚ್ ಹಿಡಿದು ಮಷಿನ್ನಿನ ಹಿಂದೆ ನಡೆದರು. ಮಗಳೂ ಹಿಂದೆಯೇ ಹೋದಳು. ಅವರು ಬಗ್ಗಿ, ಮಷಿನ್ ಎಸೆದು ಹೋದ ಹುಲ್ಲಿನಿಂದ ಒಂದು ಬೊಗಸೆ ಎತ್ತಿ ಉಜ್ಜಿ ಊದಿದರು. ಅಂಗೈ ಮೇಲೆ ಏಳೆಂಟು ಕಾಳು ಉಳಿದವು. ಹುಡುಗಿ ಒಂದೊಂದನ್ನೇ ಉಗುರಲ್ಲಿ ಒತ್ತಿ ನೋಡಿದಳು.

“ಎಲ್ಲಾ ಗಟ್ಟಿ ಐತಪ್ಪಾ.”

ಭಾವ ಟಾರ್ಚ್ ಬೀಸುತ್ತಾ ಮುಂದಕ್ಕೆ ಓಡಿದರು. “ಏ ಡ್ರೈವರಣ್ಣಾ, ಗಾಳಿ ಸ್ವಲ್ಪ ಕಮ್ಮಿ ಮಾಡಪ್ಪಾ, ಕಾಳು ಹೋಗಾಕತ್ತೈತಿ.”